ಸಕ್ಕರೆ ಇಲ್ಲದ ಕೊಕ್ಕೊ ಪುಡಿ: ಪಾರ್ಶ್ವವಾಯು ಆದ ಮಾವನಿಗಾಗಿ ತಂದು ನೋಡಿದ್ದು

ಪುತ್ತೂರು ಪೇಟೆಯಲ್ಲಿ ಸಕ್ಕರೆ ಹಾಕದ ಕೊಕ್ಕೊ ಪುಡಿ ಕೇಳಿದರೆ ಎರಡು ತರದ್ದು ಸಿಗುತ್ತದೆ. ಒಂದು ತಿಳಿ ಕಂದು, ಸ್ವಲ್ಪ ಕೆಂಪು ಛಾಯೆ, ಮೂಗಿನ ಹತ್ತಿರ ಹಿಡಿದರೆ ತುಸು ಹುಳಿ ವಾಸನೆ. ಇನ್ನೊಂದು ಕಡು ಕಂದು, ಹೆಚ್ಚುಕಡಿಮೆ ಕಪ್ಪು, ಬೇಕರಿ ಕೇಕಿನ ಪರಿಮಳ. ಅಂಗಡಿಯವರು "ಎರಡೂ ಒಂದೇ ಅಕ್ಕ, ಕಂಪನಿ ಬೇರೆ ಅಷ್ಟೇ" ಎನ್ನುತ್ತಾರೆ. ಒಂದೇ ಅಲ್ಲ. ಕೇಕ್ ಮಾಡುವವರಿಗೆ ಆ ವ್ಯತ್ಯಾಸ ದೊಡ್ಡದಲ್ಲದಿರಬಹುದು. ಮೆದುಳಿಗೆ, ರಕ್ತನಾಳಕ್ಕೆ ಒಳ್ಳೆಯದು ಎಂದು ಕೇಳಿ ವಯಸ್ಸಾದವರಿಗೆ ಕೊಡಲು ತರುವವರಿಗೆ ಅದು ಬಹಳ ದೊಡ್ಡದು.

ನಾನು ತಂದದ್ದು ಮಾವನಿಗಾಗಿ. ಅವರಿಗೆ 74 ವರ್ಷ. ಕಳೆದ ಮಳೆಗಾಲದಲ್ಲಿ ಪಾರ್ಶ್ವವಾಯು ಆಯಿತು. ಮೆದುಳಿನ ಎಡಬದಿಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈಗೆ ಶಕ್ತಿ ಕಡಿಮೆಯಾಯಿತು, ಮಾತು ಸಿಕ್ಕಿಹಾಕಿಕೊಳ್ಳುತ್ತಿತ್ತು. ಈಗ ಕೋಲು ಹಿಡಿದು ಅಂಗಳದ ತನಕ ನಡೆಯುತ್ತಾರೆ. ಮಾತು ಬರುತ್ತದೆ, ನಿಧಾನ. ಬೇಕಾದ ಶಬ್ದ ನಾಲಿಗೆಗೆ ಬರದಿದ್ದರೆ ಎಡಗೈಯಲ್ಲಿ ತೋರಿಸುತ್ತಾರೆ. ಇಂಥವರು ಮನೆಯಲ್ಲಿದ್ದರೆ ನೆಂಟರ ಫೋನಿನಿಂದ ದಿನಾ ಏನಾದರೂ ಒಂದು ಸಲಹೆ ಬರುತ್ತದೆ ಅಲ್ವಾ? "ಫ್ಲೇವನಾಯ್ಡ್ ಇರುವುದನ್ನು ಕೊಡಿ, ಮರೆವು ಬರುವುದಿಲ್ಲ", "ಡಾರ್ಕ್ ಚಾಕೊಲೇಟ್ ತಿಂದರೆ ಇನ್ನೊಮ್ಮೆ ಸ್ಟ್ರೋಕ್ ಆಗುವುದಿಲ್ಲ". ಅವರ ಕಾಳಜಿ ನಿಜ. ಅದಕ್ಕೇ ಸುಮ್ನೆ ತಳ್ಳಿಹಾಕದೆ ಕೂತು ಓದಿದೆ. ನಾನು ಕೆಮಿಸ್ಟ್ರಿ ಓದಿದವಳು, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಲೇಬಲ್ ಓದುವುದು ನನಗೆ ಬೇಸರದ ಕೆಲಸವಲ್ಲ.

ಫ್ಲೇವನಾಯ್ಡ್ ಎಂದರೆ ಗಿಡಮರಗಳು ತಮಗಾಗಿ ಮಾಡಿಕೊಳ್ಳುವ ಒಂದು ದೊಡ್ಡ ಗುಂಪಿನ ರಾಸಾಯನಿಕಗಳು. ಪುನರ್ಪುಳಿಯ ಕೆಂಪು ಅದೇ, ನೇರಳೆ ಹಣ್ಣು ತಿಂದರೆ ನಾಲಿಗೆಗೆ ಅಂಟುವ ಬಣ್ಣವೂ ಅದೇ. ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್ ಇನ್ನೊಂದು ಜಾತಿ. ಚಹಾದಲ್ಲಿ, ಕೊಕ್ಕೊದಲ್ಲಿ ಇರುವುದು ಫ್ಲೇವನಾಲ್ ಎಂಬ ಜಾತಿ. ಕೊಕ್ಕೊ ಬೀಜವನ್ನು ಹಸಿಯಾಗಿ ಕಚ್ಚಿದರೆ ಬಾಯಿ ಒಗರಾಗುವುದು ಇದರಿಂದಲೇ. ಈ ಫ್ಲೇವನಾಲ್‌ಗಳು ರಕ್ತನಾಳದ ಒಳಗೋಡೆಯಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸಿ ನಾಳ ಸಡಿಲವಾಗಲು ಸಹಾಯ ಮಾಡುತ್ತವೆ. ಮೆದುಳಿಗೆ ರಕ್ತ ಚೆನ್ನಾಗಿ ಹರಿದರೆ ನೆನಪಿಗೂ ಒಳ್ಳೆಯದು ಎಂಬುದು ಇದರ ಹಿಂದಿನ ಲೆಕ್ಕ.

ನಮ್ಮ ಊರಿಗೆ ಕೊಕ್ಕೊ ಹೊಸತಲ್ಲ. ನಮ್ಮ ಅಡಿಕೆ ತೋಟದ ನೆರಳಿನಲ್ಲೇ ಸಾಲು ಸಾಲು ಗಿಡಗಳಿವೆ. ಪುತ್ತೂರಿನ ಕೆಮ್ಮಿಂಜೆಯಲ್ಲಿ 1986ರಿಂದ ಅಡಿಕೆ, ಕೊಕ್ಕೊ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ ನಡೆಯುತ್ತಿದೆ. ಮಾವ ಗಟ್ಟಿ ಇದ್ದಾಗ ಕಾಯಿ ಕೊಯ್ಯುವುದು, ಒಡೆಯುವುದು, ಬಿಳಿ ಲೋಳೆ ಸಮೇತ ಹಸಿ ಬೀಜವನ್ನು ಗೋಣಿಯಲ್ಲಿ ತುಂಬಿ ಮಾರಲು ಒಯ್ಯುವುದು ಎಲ್ಲ ಅವರದೇ ಕೆಲಸ. ಅಳಿಲು ಕೊರೆದ ಕಾಯಿ ಕಂಡರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. 2024ರಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕೊಕ್ಕೊ ಟನ್ನಿಗೆ 10,000 ಡಾಲರ್ ದಾಟಿತು, ಆಗ ನಮ್ಮ ಕಡೆಯೂ ಹಸಿ ಬೀಜಕ್ಕೆ ಯಾರೂ ಕಾಣದ ರೇಟು ಬಂತು. ಆದರೂ ನಾವು ಬೆಳೆದದ್ದನ್ನು ನಾವು ಕುಡಿದವರಲ್ಲ. ಬೀಜ ಗೋಣಿಯಲ್ಲಿ ಹೋಗುತ್ತದೆ, ಚಹಾ ಪುಡಿ ಅಂಗಡಿಯಿಂದ ಬರುತ್ತದೆ.

ಈಗ ಪುಡಿಯ ವಿಷಯ.

ತಿಳಿ ಬಣ್ಣದ್ದು ನ್ಯಾಚುರಲ್ ಕೊಕ್ಕೊ. ಹುಳಿ ಬರಿಸಿ, ಒಣಗಿಸಿ, ಹುರಿದ ಬೀಜದಿಂದ ಬೆಣ್ಣೆಯನ್ನು ಹಿಂಡಿ ತೆಗೆದು ಉಳಿದ ಹಿಂಡಿಯನ್ನು ಪುಡಿ ಮಾಡಿದ್ದು. ಬೇರೇನೂ ಸೇರಿಸಿಲ್ಲ. ಕಪ್ಪು ಬಣ್ಣದ್ದಕ್ಕೆ ಕ್ಷಾರ ಹಾಕಿರುತ್ತಾರೆ. ಹಾಲೆಂಡಿನ ವ್ಯಾನ್ ಹೌಟೆನ್ 19ನೇ ಶತಮಾನದಲ್ಲಿ ಶುರುಮಾಡಿದ ವಿಧಾನ ಇದು, ಹಾಗಾಗಿ ಡಚ್ ಕೊಕ್ಕೊ ಎಂದೂ ಹೇಳುತ್ತಾರೆ. ಕ್ಷಾರ ಹಾಕಿದರೆ ಹುಳಿ ಹೋಗುತ್ತದೆ, ಕಹಿ ಕಡಿಮೆಯಾಗುತ್ತದೆ, ಹಾಲಿನಲ್ಲಿ ಬೇಗ ಬೆರೆಯುತ್ತದೆ, ಬಣ್ಣ ಗಾಢವಾಗುತ್ತದೆ. ತಿನ್ನಲು ರುಚಿ. ಆದರೆ ಫ್ಲೇವನಾಲ್ ಕ್ಷಾರಕ್ಕೆ ತಡೆಯುವುದಿಲ್ಲ, ಹಾಳಾಗುತ್ತದೆ. 2008ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಮಾರುಕಟ್ಟೆಯ ಪುಡಿಗಳನ್ನು ಅಳೆದು ನೋಡಿದ್ದಾರೆ. ನ್ಯಾಚುರಲ್ ಪುಡಿಯಲ್ಲಿ ಗ್ರಾಮಿಗೆ ಸರಾಸರಿ 34.6 ಮಿಲಿಗ್ರಾಂ ಫ್ಲೇವನಾಲ್ ಇತ್ತು. ಸ್ವಲ್ಪ ಕ್ಷಾರ ಹಾಕಿದ್ದರಲ್ಲಿ 13.8. ಮಧ್ಯಮ ಹಾಕಿದ್ದರಲ್ಲಿ 7.8. ಜಾಸ್ತಿ ಹಾಕಿದ್ದರಲ್ಲಿ 3.9. ಅಂದರೆ ಚಂದ ಕಾಣುವ ಕಪ್ಪು ಪುಡಿಯಲ್ಲಿ ಹತ್ತನೇ ಒಂದು ಪಾಲು ಉಳಿದಿರಬಹುದು.

ನಾನು ತಂದ ಎರಡು ಪ್ಯಾಕೆಟ್‌ಗಳಲ್ಲಿ ಕಪ್ಪು ಪುಡಿಯದ್ದು ಹೊರ ರಾಜ್ಯದಲ್ಲಿ ಪ್ಯಾಕ್ ಆದದ್ದು. ಎದುರಿಗೆ ದೊಡ್ಡ ಅಕ್ಷರದಲ್ಲಿ ಶುದ್ಧ, ಸಕ್ಕರೆ ರಹಿತ ಎಂದಿದೆ. ಎರಡೂ ಸುಳ್ಳಲ್ಲ. ಹಿಂಬದಿಯಲ್ಲಿ ಅಕ್ಕಿ ಕಾಳಿಗಿಂತ ಸಣ್ಣ ಅಕ್ಷರದಲ್ಲಿ ಆಮ್ಲತೆ ನಿಯಂತ್ರಕ ಐಎನ್‌ಎಸ್ 501 ಎಂದಿದೆ. ಐಎನ್‌ಎಸ್ ಎಂದರೆ ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ಕೊಟ್ಟ ಅಂತರರಾಷ್ಟ್ರೀಯ ಸಂಖ್ಯೆ. 501 ಅಂದರೆ ಅದೇ ಕ್ಷಾರ, ಪೊಟ್ಯಾಶಿಯಂ ಕಾರ್ಬೊನೇಟ್. 500, 524, 525 ಎಂಬ ಅಂಕಿ ಇದ್ದರೂ ಇದೇ ಕಥೆ. ನ್ಯಾಚುರಲ್ ಪ್ಯಾಕೆಟ್‌ನ ಹಿಂಬದಿಯಲ್ಲಿ ಕೊಕ್ಕೊ ಬಿಟ್ಟರೆ ಬೇರೆ ಹೆಸರೇ ಇಲ್ಲ. ಅಂಗಡಿಯ ಬೆಳಕಿನಲ್ಲಿ ಆ ಅಕ್ಷರ ಓದಲಾಗದಿದ್ದರೆ ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ನಾನು ಹಾಗೆಯೇ ಮಾಡುತ್ತೇನೆ.

ಪ್ಯಾಕೆಟ್ ಮೇಲೆ ನಂಬಿಕೆ ಇಲ್ಲದಿದ್ದರೆ ಮನೆಯಲ್ಲೇ ನೋಡಬಹುದು. ಇದನ್ನು ನಾನು ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಮಾಡಿದೆ, ಆಮೇಲೆ ಒಂಬತ್ತನೇ ಕ್ಲಾಸಿನ ಮಕ್ಕಳಿಗೂ ತೋರಿಸಿದೆ. ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದೊಂದರಲ್ಲಿ ಒಂದು ಚಮಚ ಪುಡಿ, ಸ್ವಲ್ಪ ಬಿಸಿ ನೀರು. ಗಂಟು ಇಲ್ಲದ ಹಾಗೆ ಕದಡಿ. ಈಗ ಎರಡಕ್ಕೂ ಚಿಟಿಕೆ ಅಡುಗೆ ಸೋಡ ಉದುರಿಸಿ. ನ್ಯಾಚುರಲ್ ಪುಡಿಯ ಲೋಟದಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ, ಅಂಚಿನ ಸುತ್ತ ನೊರೆ ಕಟ್ಟುತ್ತದೆ, ಯಾಕೆಂದರೆ ಪುಡಿಯಲ್ಲಿ ಅದರ ಸ್ವಂತ ಹುಳಿ ಇದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅದರ ಕೆಂಪು ಕಂದು ಬಣ್ಣ ಕಪ್ಪಿಗೆ ತಿರುಗಿರುತ್ತದೆ. ಕಾರ್ಖಾನೆಯಲ್ಲಿ ಆಗುವುದೂ ಇದೇ. ಇನ್ನೊಂದು ಲೋಟದಲ್ಲಿ ಸೋಡ ಸುಮ್ಮನೆ ಕರಗಿ ಹೋಗುತ್ತದೆ. ಪರೀಕ್ಷೆ ಮಾಡಿದ್ದನ್ನು ವಯಸ್ಸಾದವರಿಗೆ ಕುಡಿಯಲು ಕೊಡಬೇಡಿ. ಸೋಡದಲ್ಲಿ ಸೋಡಿಯಂ ಇರುತ್ತದೆ, ಬಿಪಿ ಇರುವವರಿಗೆ ಅದು ಬೇಡ.

ಡ್ರಿಂಕಿಂಗ್ ಚಾಕೊಲೇಟ್ ಎಂದು ಡಬ್ಬದಲ್ಲಿ ಬರುವುದು ಈ ಲೆಕ್ಕಕ್ಕೇ ಇಲ್ಲ. ನಾನು ನೋಡಿದ ಡಬ್ಬಗಳಲ್ಲಿ ಪದಾರ್ಥಗಳ ಪಟ್ಟಿಯ ಮೊದಲ ಹೆಸರೇ ಸಕ್ಕರೆ. ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು ಎಂಬುದು ನಿಯಮ.

ನ್ಯಾಚುರಲ್ ಪುಡಿಯ ರುಚಿ ಹೇಗೆ? ಕಹಿ, ಒಗರು, ಹಿಂದಿನಿಂದ ಸಣ್ಣ ಹುಳಿ. ಬರೀ ಹಾಲಿಗೆ ಹಾಕಿದರೆ ಮೇಲೆ ತೇಲುತ್ತದೆ, ಎಷ್ಟು ತಿರುಗಿಸಿದರೂ ಲೋಟದ ತಳದಲ್ಲಿ ಗಸಿ ನಿಲ್ಲುತ್ತದೆ. ಇದು ಈ ಪುಡಿಯ ದೊಡ್ಡ ಕೊರತೆ. ಪಾರ್ಶ್ವವಾಯು ಆದವರಿಗೆ ಇನ್ನೊಂದು ತೊಂದರೆಯೂ ಇದೆ. ಮೊದಲ ತಿಂಗಳುಗಳಲ್ಲಿ ಮಾವನಿಗೆ ನೀರು, ಚಹಾ ಕುಡಿದರೆ ಕೆಮ್ಮು ಬರುತ್ತಿತ್ತು. ನುಂಗುವ ಸ್ನಾಯುಗಳು ಹಿಡಿತ ತಪ್ಪಿದರೆ ತೆಳು ದ್ರವ ಶ್ವಾಸನಾಳಕ್ಕೆ ಇಳಿಯುತ್ತದೆ, ಅದರಿಂದ ನ್ಯುಮೋನಿಯ ಆಗಬಹುದು. ಸ್ಪೀಚ್ ಥೆರಪಿಸ್ಟ್ ಅವರಿಗೆ ದಪ್ಪ ಮಾಡಿಯೇ ಕೊಡಲು ಹೇಳಿದ್ದರು. ಎಷ್ಟು ದಪ್ಪ ಎಂಬುದು ಒಬ್ಬೊಬ್ಬರಿಗೆ ಒಂದೊಂದು, ಅದನ್ನು ಅವರೇ ನೋಡಿ ಹೇಳಬೇಕು.

ಎರಡು ತೊಂದರೆಗೂ ರಾಗಿ ಪರಿಹಾರ ಕೊಟ್ಟಿತು. ಹುರಿದ ರಾಗಿ ಹಿಟ್ಟು ಒಂದೂವರೆ ಚಮಚ, ಕೊಕ್ಕೊ ಪುಡಿ ಒಂದು ದೊಡ್ಡ ಚಮಚ, ಎರಡನ್ನೂ ಒಣಗಿರುವಾಗಲೇ ಬೆರೆಸುತ್ತೇನೆ. ಆಮೇಲೆ ತಣ್ಣೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕದಡಿ, ಕುದಿಯುವ ನೀರಿಗೆ ಹೊಯ್ದು ಸಣ್ಣ ಉರಿಯಲ್ಲಿ ತಿರುಗಿಸುತ್ತೇನೆ. ಹಸಿ ವಾಸನೆ ಹೋಗಿ ಸೌಟಿನ ಬೆನ್ನಿಗೆ ಅಂಟುವಷ್ಟು ಆದಾಗ ಸ್ವಲ್ಪ ಹಾಲು, ಬೆಲ್ಲ ಚೂರೇ ಚೂರು, ಒಂದು ಏಲಕ್ಕಿ. ರಾಗಿ ಜೊತೆ ಬೆಂದರೆ ಪುಡಿ ತೇಲುವುದೂ ಇಲ್ಲ, ತಳಕ್ಕೆ ಕೂರುವುದೂ ಇಲ್ಲ. ಮೊದಲ ದಿನ ಮಾವ ಒಂದು ಗುಟುಕು ಕುಡಿದು ಮುಖ ಕಿವಿಚಿದರು.

"ಎಂತ... ಇದು? ಕಷಾಯವಾ?"

"ಕೊಕ್ಕೊ ಮಾವ. ನಮ್ಮ ತೋಟದಲ್ಲಿ ಆಗುತ್ತದಲ್ಲ, ಅದೇ."

ಅವರು ಲೋಟದೊಳಗೆ ನೋಡಿದರು. "ಅಳಿಲು..." ಎಂದರು. ಸ್ವಲ್ಪ ತಡೆದು, "ಅಳಿಲಿಗೆ... ಇದು ಹೇಗೆ ಸೇರುತ್ತದೆ ಮಗಳೇ!" ಎಂದರು. ಆಗ ಅದು ಅವರಿಗೆ ಉದ್ದದ ವಾಕ್ಯ. ಅತ್ತೆ ಒಳಗಿಂದ ನಗುತ್ತಾ ಬಂದು ಇನ್ನೊಂದು ಚೂರು ಬೆಲ್ಲ ಹಾಕಿದರು. ಈಗ ಸಂಜೆ ನಾಲ್ಕಕ್ಕೆ ಅವರೇ ಲೋಟ ಕೇಳುತ್ತಾರೆ. ಇದು ಪುಡಿಯಿಂದ ಮೆದುಳು ಚುರುಕಾದ ಕಥೆಯಲ್ಲ, ಹಾಗೆ ಓದಬೇಡಿ. ಮಾತು ಮರಳುತ್ತಿರುವುದು ಥೆರಪಿಯಿಂದ, ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿರುವುದರಿಂದ, ದಿನವೂ ಅತ್ತೆ ಅವರನ್ನು ಕೂರಿಸಿಕೊಂಡು ಪೇಪರ್ ಓದಿಸುವುದರಿಂದ.

ಒಂದು ವಿಷಯ ಖಂಡಿತ ನೆನಪಿಡಿ. ಕೊಕ್ಕೊವನ್ನು ಬಾಳೆಹಣ್ಣಿನ ಜೊತೆ ಮಿಕ್ಸಿಗೆ ಹಾಕಬೇಡಿ. ನಮ್ಮ ಮನೆಗಳಲ್ಲಿ ಹಲ್ಲಿಲ್ಲದವರಿಗೆ, ನುಂಗಲು ಕಷ್ಟ ಇರುವವರಿಗೆ ಬಾಳೆಹಣ್ಣಿನ ಮಿಲ್ಕ್‌ಶೇಕ್ ಮಾಡಿಕೊಡುವುದು ಸಾಮಾನ್ಯ. ಆದರೆ ಬಾಳೆಹಣ್ಣು ಕತ್ತರಿಸಿಟ್ಟರೆ ಕಪ್ಪಾಗುತ್ತದಲ್ಲ, ಅದನ್ನು ಕಪ್ಪು ಮಾಡುವ ಕಿಣ್ವವೇ ಫ್ಲೇವನಾಲನ್ನೂ ಒಡೆಯುತ್ತದೆ. 2023ರಲ್ಲಿ ಬಂದ ಒಂದು ಚಿಕ್ಕ ಅಧ್ಯಯನದಲ್ಲಿ, ಫ್ಲೇವನಾಲನ್ನು ಬಾಳೆಹಣ್ಣಿನ ಸ್ಮೂದಿಯಲ್ಲಿ ಕುಡಿದವರ ರಕ್ತಕ್ಕೆ ಸೇರಿದ ಅಂಶ, ಕ್ಯಾಪ್ಸೂಲಿನಲ್ಲಿ ತೆಗೆದುಕೊಂಡಾಗಿನದಕ್ಕಿಂತ 84 ಶೇಕಡ ಕಡಿಮೆ ಇತ್ತು. ಬಾಳೆಹಣ್ಣು ಬಿಡಬೇಕೆಂದಲ್ಲ, ಬೇರೆ ಹೊತ್ತಿಗೆ ಕೊಡಿ.

ಇನ್ನು ಕ್ಯಾಪ್ಸೂಲ್. ಅಮೆರಿಕದಲ್ಲಿರುವ ನಾದಿನಿಯ ಮಗ ರಜೆಗೆ ಬರುವಾಗ ಕೊಕ್ಕೊ ಫ್ಲೇವನಾಲ್ ಕ್ಯಾಪ್ಸೂಲಿನ ಡಬ್ಬ ತಂದುಕೊಟ್ಟ. ಡಬ್ಬದ ಮೇಲೆ ಎಷ್ಟು ಮಿಲಿಗ್ರಾಂ ಎಂದು ನೇರವಾಗಿ ಬರೆದಿರುತ್ತದೆ. ಅದು ಪುಡಿಗಿಂತ ಮೇಲು, ಒಪ್ಪುತ್ತೇನೆ. ಸಕ್ಕರೆ ಇಲ್ಲ, ಕೊಬ್ಬಿಲ್ಲ. ಆದರೂ ಮಾವನಿಗೆ ಕೊಡಲಿಲ್ಲ. ಯಾಕೆಂದು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಡಬ್ಬಗಳ ಜಾಹೀರಾತೆಲ್ಲ ನಿಂತಿರುವುದು ಒಂದು ದೊಡ್ಡ ಅಧ್ಯಯನದ ಮೇಲೆ.

ಅದರ ಹೆಸರು ಕಾಸ್ಮೋಸ್. ಬಾಸ್ಟನ್ನಿನ ಬ್ರಿಗಮ್ ಆ್ಯಂಡ್ ವಿಮೆನ್ಸ್ ಆಸ್ಪತ್ರೆಯ ಸಂಶೋಧಕರು ಮುಂದೆ ನಿಂತು ಅಮೆರಿಕದ 21,442 ಹಿರಿಯರ ಮೇಲೆ ನಡೆಸಿದ್ದು. ಮುಖ್ಯ ಫಲಿತಾಂಶ 2022ರಲ್ಲಿ ಬಂತು. ಅರ್ಧ ಜನರಿಗೆ ದಿನಕ್ಕೆ 500 ಮಿಲಿಗ್ರಾಂ ಕೊಕ್ಕೊ ಫ್ಲೇವನಾಲ್, ಉಳಿದವರಿಗೆ ಹಾಗೆಯೇ ಕಾಣುವ ಖಾಲಿ ಮಾತ್ರೆ. ಮಾರ್ಸ್ ಎಂಬ ಚಾಕೊಲೇಟ್ ಕಂಪನಿಯ ವಿಭಾಗವೊಂದು ಇದಕ್ಕೆ ಹಣ ಕೊಟ್ಟಿತ್ತು, ಅದು ಮುಚ್ಚಿಟ್ಟ ವಿಷಯವೇನಲ್ಲ. ಹೃದಯಾಘಾತ, ಸ್ಟ್ರೋಕ್ ಮೊದಲಾದವು ಒಟ್ಟಾರೆ ಕಡಿಮೆಯಾದವೇ ಎಂಬ ಮುಖ್ಯ ಪ್ರಶ್ನೆಗೆ ಖಚಿತ ಉತ್ತರ ಸಿಗಲಿಲ್ಲ. 10 ಶೇಕಡ ಕಡಿಮೆ ಕಂಡರೂ ಅದು ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು. ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಆದ ಸಾವು 27 ಶೇಕಡ ಕಡಿಮೆ ಇತ್ತು. ಜಾಹೀರಾತಿನಲ್ಲಿ ಈ ಎರಡನೆಯ ಅಂಕಿಯೇ ದೊಡ್ಡದಾಗಿ ಕಾಣುತ್ತದೆ.

ಮೆದುಳಿನ ಪ್ರಶ್ನೆಯನ್ನು ಅದೇ ಕಾಸ್ಮೋಸ್‌ನ ಒಳಗೆ ಬೇರೆಯಾಗಿ ನೋಡಿದ್ದಾರೆ. 2,262 ಜನರನ್ನು ಮೂರು ವರ್ಷ ಪರೀಕ್ಷಿಸಿದ ಭಾಗದಲ್ಲಿ ಕೊಕ್ಕೊದಿಂದ ನೆನಪಿಗಾಗಲೀ ಯೋಚನಾ ಶಕ್ತಿಗಾಗಲೀ ಲಾಭ ಕಾಣಲಿಲ್ಲ. 3,562 ಜನರ ಇನ್ನೊಂದು ಭಾಗ 2023ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಎಲ್ಲರನ್ನೂ ಒಟ್ಟಿಗೆ ನೋಡಿದರೆ ಗುರುತಿಸುವಂಥ ವ್ಯತ್ಯಾಸ ಇಲ್ಲ. ಆದರೆ ಯಾರ ಊಟದಲ್ಲಿ ಮೊದಲೇ ಫ್ಲೇವನಾಲ್ ತೀರಾ ಕಡಿಮೆ ಇತ್ತೋ, ಯಾರ ಆಹಾರ ಚೆನ್ನಾಗಿರಲಿಲ್ಲವೋ, ಅಂಥವರ ನೆನಪು ಖಾಲಿ ಮಾತ್ರೆಯವರಿಗಿಂತ ಸುಧಾರಿಸಿತು. ನನಗೆ ಇದು ಬಹಳ ಮುಖ್ಯ ಎನಿಸಿತು. ಕೊರತೆ ಇದ್ದವರಿಗೆ ತುಂಬಿಕೊಟ್ಟರೆ ಉಪಯೋಗ. ಕೊರತೆ ಇಲ್ಲದವರಿಗೆ ಮೇಲಿಂದ ಸುರಿದರೆ ಹೆಚ್ಚೇನೂ ಇಲ್ಲ.

ಆದರೆ ನಾನು ಡಬ್ಬ ಮುಚ್ಚಿಟ್ಟದ್ದಕ್ಕೆ ಕಾರಣ ಇನ್ನೊಂದು. ಕಾಸ್ಮೋಸ್‌ಗೆ ಸೇರಿಸಿಕೊಳ್ಳುವಾಗಲೇ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದವರನ್ನು ಬಿಟ್ಟಿದ್ದರು. ಅಂದರೆ ನಮ್ಮ ಮಾವನಂಥವರು ಆ 21,442 ಜನರಲ್ಲಿ ಇರಲೇ ಇಲ್ಲ. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿರುವವರಿಗೆ ಇದು ಸಣ್ಣ ಮಾತಲ್ಲ, ಏಕೆಂದರೆ ಕೊಕ್ಕೊ ಫ್ಲೇವನಾಲ್‌ಗೂ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ತಗ್ಗಿಸುವ ಗುಣ ಇದೆ. ಒಂದು ಚಮಚ ಪುಡಿ ಅಡುಗೆ, ದಿನಾ 500 ಮಿಲಿಗ್ರಾಂ ಸಾರ ಔಷಧಿ. ಔಷಧಿಯನ್ನು ಡಾಕ್ಟರನ್ನು ಕೇಳದೆ ಕೊಡಬಾರದು. ಇದೇ ಕಾರಣಕ್ಕೆ ಗಿಂಕೊ ಮಾತ್ರೆಯನ್ನೂ ಮನೆಗೆ ತರಲಿಲ್ಲ. ಅದೂ ಫ್ಲೇವನಾಯ್ಡ್ ಇರುವ ಎಲೆಯ ಸಾರ, ನೆನಪಿನ ಮಾತ್ರೆ ಎಂದೇ ಮಾರುತ್ತಾರೆ. ಅಮೆರಿಕದಲ್ಲಿ 75 ದಾಟಿದ 3,069 ಜನರಿಗೆ ವರ್ಷಗಟ್ಟಲೆ ಕೊಟ್ಟು ನೋಡಿದ ಅಧ್ಯಯನದಲ್ಲಿ ಅದು ಮರೆವಿನ ಕಾಯಿಲೆಯನ್ನು ತಡೆಯಲಿಲ್ಲ. 2008ರಲ್ಲೇ ಬಂದ ಫಲಿತಾಂಶ ಇದು. ಡಬ್ಬ ಈಗಲೂ ಮಾರಾಟವಾಗುತ್ತಿದೆ.

"ಚಾಕೊಲೇಟ್ ತಿಂದರೆ ಸ್ಟ್ರೋಕ್ ಇಲ್ಲ" ಎಂಬ ಸಂದೇಶದ ಮೂಲದಲ್ಲೂ ಒಂದು ನಿಜವಾದ ಅಧ್ಯಯನ ಇದೆ. ಸ್ವೀಡನ್ನಿನ 37,103 ಗಂಡಸರ ಆಹಾರವನ್ನು ಕೇಳಿ ಬರೆದುಕೊಂಡು ಹತ್ತು ವರ್ಷ ಗಮನಿಸಿದ್ದರು. ವಾರಕ್ಕೆ 63 ಗ್ರಾಮಿನಷ್ಟು ಚಾಕೊಲೇಟ್ ತಿನ್ನುವವರಲ್ಲಿ ಸ್ಟ್ರೋಕ್ 17 ಶೇಕಡ ಕಡಿಮೆ ಕಂಡಿತು. ಆದರೆ ಅವರು ತಿಂದದ್ದು ಹೆಚ್ಚಾಗಿ ಹಾಲಿನ ಚಾಕೊಲೇಟ್. ಅದರಲ್ಲಿ ಕೊಕ್ಕೊಗಿಂತ ಸಕ್ಕರೆ ಜಾಸ್ತಿ. ಹೀಗೆ ಸುಮ್ಮನೆ ಗಮನಿಸುವ ಅಧ್ಯಯನದಲ್ಲಿ ಚಾಕೊಲೇಟ್ ಕಾರಣವೋ, ಚಾಕೊಲೇಟ್ ಕೊಳ್ಳುವವರ ಬದುಕು ಬೇರೆಯೇ ರೀತಿ ಇತ್ತೋ ಹೇಳಲು ಬರುವುದಿಲ್ಲ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಈ ಸಂದೇಶ ನಂಬಿ ಚಾಕೊಲೇಟ್ ಬಾರ್ ಕೊಡುವವರನ್ನು ನಾನೇ ನೋಡಿದ್ದೇನೆ. ಅದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಬಿಪಿ ಲೆಕ್ಕ ನೋಡೋಣ. 35 ಪರೀಕ್ಷೆಗಳನ್ನು ಒಟ್ಟು ಸೇರಿಸಿ 2017ರಲ್ಲಿ ಮಾಡಿದ ಕಾಕ್ರೇನ್ ಎಂಬ ಸಂಶೋಧಕರ ಸಂಸ್ಥೆಯ ವಿಮರ್ಶೆಯ ಪ್ರಕಾರ ಫ್ಲೇವನಾಲ್ ಇರುವ ಕೊಕ್ಕೊದಿಂದ ರಕ್ತದೊತ್ತಡ ಸರಾಸರಿ 1.8 ಅಂಕದಷ್ಟು ಇಳಿಯುತ್ತದೆ. ಇಳಿಯುವುದು ನಿಜ. ಆದರೆ ಮಾತ್ರೆಗೆ ಬದಲಾಗುವಷ್ಟಲ್ಲ. ನಮ್ಮ ಮನೆಯಲ್ಲಿ ಊಟದ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಇವನ್ನೆಲ್ಲ ಕಡಿಮೆ ಮಾಡಿಸುವುದೇ ದೊಡ್ಡ ಹೋರಾಟವಾಗಿತ್ತು. ಅತ್ತೆ ಒಪ್ಪಿದ ಮೇಲೆ ಮಾವನೂ ಒಪ್ಪಿದರು.

ಪಾರ್ಶ್ವವಾಯು ಆದವರನ್ನೇ ಇಟ್ಟುಕೊಂಡು ಆಹಾರ ಮತ್ತು ಮೆದುಳಿನ ಬಗ್ಗೆ ನೋಡಿದ ಒಂದು ಕೆಲಸ ಇದೆ. ಷಿಕಾಗೊದ ರಶ್ ವಿಶ್ವವಿದ್ಯಾಲಯದ್ದು. ಅಲ್ಲಿ 2015ರಲ್ಲಿ ಮಾರ್ಥಾ ಕ್ಲೇರ್ ಮಾರಿಸ್ ಮತ್ತು ತಂಡ ಮೈಂಡ್ ಎಂಬ ಆಹಾರ ಕ್ರಮ ರೂಪಿಸಿದ್ದರು. ಸ್ಟ್ರೋಕ್ ಆಗಿದ್ದ 106 ಜನರನ್ನು ಸರಾಸರಿ ಸುಮಾರು ಆರು ವರ್ಷ ಗಮನಿಸಿದ್ದರು. ಆ ಕ್ರಮಕ್ಕೆ ಹತ್ತಿರವಾಗಿ ಊಟ ಮಾಡುತ್ತಿದ್ದವರ ಬುದ್ಧಿಶಕ್ತಿ ಕುಗ್ಗುವ ವೇಗ ಕಡಿಮೆ ಇತ್ತು. ಚಿಕ್ಕ ಗುಂಪು, ಗಮನಿಸಿದ್ದು ಮಾತ್ರ. ಬುದ್ಧಿಶಕ್ತಿ ಕುಗ್ಗಿರದ 604 ಹಿರಿಯರಿಗೆ ಅದೇ ಕ್ರಮವನ್ನು ಮೂರು ವರ್ಷ ಕೊಟ್ಟು ನೋಡಿದ ಪರೀಕ್ಷೆಯಲ್ಲಿ, 2023ರಲ್ಲಿ, ಸ್ಪಷ್ಟ ವ್ಯತ್ಯಾಸ ಬರಲಿಲ್ಲ. ಹಾಗಾಗಿ ಇದನ್ನೂ ಪವಾಡ ಎಂದು ಹೇಳುತ್ತಿಲ್ಲ. ಆದರೆ ಆ ಕ್ರಮದಲ್ಲಿ ಏನಿದೆ ನೋಡಿ: ದಿನವೂ ಸೊಪ್ಪು, ಬೇರೆ ತರಕಾರಿ, ಬೆರಿ ಹಣ್ಣು, ಕಾಳು, ಇಡೀ ಧಾನ್ಯ. ಚಾಕೊಲೇಟ್ ಅದರಲ್ಲಿಲ್ಲ. ಸಿಹಿ ತಿಂಡಿಯನ್ನು ಕಡಿಮೆ ಮಾಡಿ ಎಂದಿದೆ. ಅದೇ ರಶ್‌ನವರು 921 ಹಿರಿಯರನ್ನು ನೋಡಿ 2020ರಲ್ಲಿ ಪ್ರಕಟಿಸಿದ ಇನ್ನೊಂದು ಕೆಲಸದಲ್ಲಿ, ಸೊಪ್ಪು, ಬೀನ್ಸ್, ಚಹಾದಲ್ಲಿರುವ ಫ್ಲೇವೊನಾಲ್ ಜಾಸ್ತಿ ಸೇವಿಸುವವರಲ್ಲಿ ಅಲ್ಝೈಮರ್ ಕಾಯಿಲೆ 48 ಶೇಕಡ ಕಡಿಮೆ ಕಂಡಿತ್ತು. (ಹೆಸರು ಹತ್ತಿರ ಹತ್ತಿರ ಇದ್ದರೂ ಇದು ಕ್ವೆರ್ಸೆಟಿನ್, ಕ್ಯಾಂಫೆರಾಲ್‌ಗಳ ಗುಂಪು, ಕೊಕ್ಕೊದ್ದಲ್ಲ.) ಅತಿ ಹೆಚ್ಚು ಸೇವಿಸುವವರೂ ದಿನಕ್ಕೆ ತಿನ್ನುತ್ತಿದ್ದದ್ದು ಸುಮಾರು 15 ಮಿಲಿಗ್ರಾಂ. ಅದಕ್ಕೆ ಯಾವ ಡಬ್ಬವೂ ಬೇಡ.

ಹಿತ್ತಿಲಲ್ಲಿ ನುಗ್ಗೆ ಇದೆ, ಬಸಳೆ ಚಪ್ಪರ ಇದೆ, ಹರಿವೆ ಇದೆ. ಬೇಸಗೆಯಲ್ಲಿ ಪುನರ್ಪುಳಿ ಒಣಗಿಸಿಟ್ಟರೆ ಮಳೆಗಾಲದ ಸಾರಿಗೆ ಆಗುತ್ತದೆ, ಮಾವನಿಗೆ ಪ್ರೀತಿ ಕೂಡ. ಈರುಳ್ಳಿ ಸುಲಿಯುವಾಗ ಹೊರಗಿನ ಎರಡು ಪದರ ಕಿತ್ತು ಎಸೆಯುವುದನ್ನು ಬಿಟ್ಟಿದ್ದೇವೆ, ಕ್ವೆರ್ಸೆಟಿನ್ ಜಾಸ್ತಿ ಇರುವುದು ಹೊರ ಪದರದಲ್ಲೇ. ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರ ಮನೆಯಲ್ಲಿ ಮಾತ್ರ ಸೊಪ್ಪನ್ನು ಒಮ್ಮೆಲೇ ಜಾಸ್ತಿ ಮಾಡಬಾರದು, ಅದರಲ್ಲಿರುವ ವಿಟಮಿನ್ ಕೆ ಔಷಧಿಯ ಹದ ತಪ್ಪಿಸುತ್ತದೆ. ಮಾವನದ್ದು ಬೇರೆ ಮಾತ್ರೆ. ಚಕೋತವನ್ನೂ ಜನ ಫ್ಲೇವನಾಯ್ಡ್ ಪಟ್ಟಿಯಲ್ಲಿ ಕಳಿಸುತ್ತಾರೆ. ಅದು ಗ್ರೇಪ್‌ಫ್ರೂಟಿನ ಹತ್ತಿರದ ನೆಂಟ, ಅದರಂತೆಯೇ ಕೆಲವು ಮಾತ್ರೆಗಳ ಕೆಲಸವನ್ನು ಏರುಪೇರು ಮಾಡಬಹುದು. ಅಟೋರ್ವಾಸ್ಟಾಟಿನ್‌ನಂಥ ಕೊಲೆಸ್ಟರಾಲ್ ಮಾತ್ರೆ ನಡೆಯುತ್ತಿದ್ದರೆ ತಿನ್ನುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಇಷ್ಟೆಲ್ಲ ಆದಮೇಲೆ ಕೊಕ್ಕೊ ಪುಡಿ ಕೊಳ್ಳಬೇಕಾ? ನಾನು ಕೊಳ್ಳುತ್ತಿದ್ದೇನೆ, ಮುಂದೆಯೂ ಕೊಳ್ಳುತ್ತೇನೆ. ಮೊದಲು ಸಂಜೆ ಮಾವನಿಗೆ ಹೋಗುತ್ತಿದ್ದದ್ದು ಸಕ್ಕರೆ ತುಂಬಿದ ಹೆಲ್ತ್ ಡ್ರಿಂಕ್ ಮತ್ತು ಎರಡು ಬಿಸ್ಕತ್ತು. ಆ ಜಾಗಕ್ಕೆ ರಾಗಿ, ಕೊಕ್ಕೊ ಬಂತು. ಇದೇ ದೊಡ್ಡ ಲಾಭ ಎಂದು ನನ್ನ ಅಭಿಪ್ರಾಯ. ನ್ಯಾಚುರಲ್ ಪುಡಿ ಕಪ್ಪು ಪುಡಿಗಿಂತ ಸ್ವಲ್ಪ ದುಬಾರಿ, ಆದರೆ ದಿನಕ್ಕೆ ಒಂದೇ ಚಮಚವಾದ್ದರಿಂದ ಒಂದು ಪ್ಯಾಕೆಟ್ ಬಹಳ ದಿನ ಬರುತ್ತದೆ. ಕಾಸ್ಮೋಸ್‌ನ 500 ಮಿಲಿಗ್ರಾಂ ಮುಟ್ಟಬೇಕೆಂದು ಪುಡಿಯನ್ನು ಸುರಿಯಬೇಡಿ. ಆ 2008ರ ಸರಾಸರಿಯನ್ನೇ ಹಿಡಿದರೂ ದಿನಕ್ಕೆ 15 ಗ್ರಾಂ ಬೇಕಾಗುತ್ತದೆ. ಅಷ್ಟು ಕಹಿಯನ್ನು ಮಾವ ಕುಡಿಯುವುದಿಲ್ಲ, ನಾನೂ ಒತ್ತಾಯ ಮಾಡುವುದಿಲ್ಲ. ಇನ್ನೊಂದು ಕಾರಣ, ಕೊಕ್ಕೊ ಗಿಡ ಮಣ್ಣಿನಿಂದ ಕ್ಯಾಡ್ಮಿಯಂ ಎಂಬ ವಿಷಲೋಹವನ್ನು ಎಳೆದುಕೊಳ್ಳುತ್ತದೆ, ಬೀಜ ಒಣಗಿಸುವಾಗ ಸೀಸವೂ ಸೇರಬಹುದು. 2022ರ ಕೊನೆಗೆ ಅಮೆರಿಕದ ಗ್ರಾಹಕರ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ 28 ಡಾರ್ಕ್ ಚಾಕೊಲೇಟ್ ಬಾರ್ ಪರೀಕ್ಷಿಸಿದಾಗ ಎಲ್ಲದರಲ್ಲೂ ಇವು ಸಿಕ್ಕವು. ಒಂದು ಚಮಚಕ್ಕೆ ಹೆದರಬೇಕಿಲ್ಲ, ಆದರೆ ಒಳ್ಳೆಯದೆಂದು ಮೂರು ಹೊತ್ತು ಕೊಡುವ ವಸ್ತುವೂ ಅಲ್ಲ.

ಕಿಡ್ನಿ ಕಲ್ಲಿನ ತೊಂದರೆ ಇದ್ದವರು ಕೊಳ್ಳಬೇಡಿ, ಇದರಲ್ಲಿ ಕಲ್ಲು ಕಟ್ಟಿಸುವ ಆಕ್ಸಲೇಟ್ ಜಾಸ್ತಿ. ಕಿಡ್ನಿ ಕಾಯಿಲೆಯವರಿಗೆ ಪೊಟ್ಯಾಶಿಯಂ ಕಾರಣಕ್ಕೆ ಡಾಕ್ಟರು ಬೇಡ ಎನ್ನಬಹುದು, ಕೇಳಿ. ರಾತ್ರಿ ಮಲಗುವ ಮುಂಚೆ ಕೊಡಬೇಡಿ. ಸ್ವಲ್ಪ ಕೆಫೀನ್, ಅದಕ್ಕಿಂತ ಜಾಸ್ತಿ ಅದರದೇ ಜಾತಿಯ ಥಿಯೊಬ್ರೊಮಿನ್ ಇರುತ್ತದೆ, ವಯಸ್ಸಾದವರಿಗೆ ಮೊದಲೇ ನಿದ್ದೆ ಕಡಿಮೆ. ಪ್ಯಾಕೆಟ್ ಒಡೆದ ಮೇಲೆ ಗಾಳಿಯಾಡದ ಗಾಜಿನ ಭರಣಿಯಲ್ಲಿಡಿ. ನಮ್ಮ ಕಡೆಯ ಮಳೆಗಾಲದಲ್ಲಿ ಪ್ಯಾಕೆಟ್ಟಿನಲ್ಲೇ ಬಿಟ್ಟರೆ ಗಟ್ಟಿ ಉಂಡೆಯಾಗುತ್ತದೆ, ಆಮೇಲೆ ಬೂಷ್ಟು.

ಪುಡಿ ಮಾಡುವವರಲ್ಲಿ ಒಂದು ಕೇಳಿಕೆ ಇದೆ. ಕ್ಷಾರ ಹಾಕಿದೆಯೋ ಇಲ್ಲವೋ ಎಂಬುದನ್ನು ಪ್ಯಾಕೆಟ್ಟಿನ ಎದುರುಬದಿಯಲ್ಲಿ, ಕನ್ನಡದಲ್ಲಿ, ಓದುವ ಗಾತ್ರದಲ್ಲಿ ಹಾಕಿ. ಆಗುವುದಾದರೆ ಗ್ರಾಮಿಗೆ ಎಷ್ಟು ಫ್ಲೇವನಾಲ್ ಎಂಬುದನ್ನೂ ಅಳೆಸಿ ಬರೆಯಿರಿ. 2023ರಲ್ಲಿ ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಕನಿಷ್ಠ 4 ಶೇಕಡ ಫ್ಲೇವನಾಲ್ ಉಳಿಸಿಕೊಂಡ ಪುಡಿಗೆ ಮಾತ್ರ ಹೃದಯದ ಆರೋಗ್ಯದ ಬಗ್ಗೆ ಒಂದು ಸಾಲು ಹಾಕಲು ಬಿಟ್ಟಿತು, ಅದೂ ಪುರಾವೆ ಬಹಳ ಕಡಿಮೆ ಎಂದು ಜೊತೆಗೇ ಹೇಳಬೇಕೆಂಬ ಷರತ್ತಿನ ಮೇಲೆ. ನಮ್ಮ ತೋಟಗಳಿಂದ ಹೋದ ಬೀಜದ ಪುಡಿ ಹಾಗೆ ಅಳೆಸಿಕೊಂಡು, ಅಂಕಿ ಹಾಕಿಸಿಕೊಂಡು ಪುತ್ತೂರು ಪೇಟೆಗೆ ಬಂದರೆ ಸ್ವಲ್ಪ ಜಾಸ್ತಿ ದುಡ್ಡಾದರೂ ನಾನು ಅದನ್ನೇ ತರುತ್ತೇನೆ.